ನೋಡದ ದ್ವೀಪದ ಹತ್ತೊಂಬತ್ತು ಪಾಯಿಂಟ್

ನಾಲ್ಕು ದಿನ, ಹತ್ತೊಂಬತ್ತು ಪಾಯಿಂಟ್. ಆ ಹಾಳೆಗಳನ್ನು ಪ್ರಿಂಟರಿನಿಂದ ತೆಗೆದು ಸ್ಟೇಪಲ್ ಹೊಡೆಯುವಾಗ ನನಗೆ ನನ್ನ ಮೇಲೆಯೇ ಮೆಚ್ಚುಗೆ ಬಂದಿತ್ತು. ಹವಾಯಿಯ ದೊಡ್ಡ ದ್ವೀಪಕ್ಕೆ ದೇವಸ್ಥಾನಕ್ಕೆ ಹಾಕುವ ಹಾಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿಸಿದ್ದೆ. ಎರಡು ಜಲಪಾತ, ಕಪ್ಪು ಮರಳಿನ ಬೀಚು, ಬಿಳಿ ಮರಳಿನ ಬೀಚು, ಕಾಫಿ ತೋಟ, ಆರ್ಕಿಡ್ ತೋಟ, ಮಕ್ಕಳಿಗೆ ಗಾಜಿನ ತಳದ ದೋಣಿ, ಸಂಜೆ ಸಮುದ್ರದ ದಡದಲ್ಲಿ ನೃತ್ಯ ನೋಡುತ್ತಾ ಊಟ. ಇವೆಲ್ಲದರ ನಡುವೆ, ಮೂರನೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಒಂದು ಗಂಟೆಯವರೆಗೆ, ಹನ್ನೊಂದನೆಯ ಪಾಯಿಂಟಾಗಿ ಜ್ವಾಲಾಮುಖಿ.

ನಮ್ಮ ಜನರಿಗೆ ಪಾಯಿಂಟ್ ಎಣಿಸದಿದ್ದರೆ ಟೂರ್ ಮಾಡಿದ ಹಾಗೇ ಆಗುವುದಿಲ್ಲ. ಊಟಿಯ ಟ್ಯಾಕ್ಸಿಯವರು ನಮಗೆಲ್ಲ ಕಲಿಸಿದ ಪಾಠ ಅದು. ಟೆಕ್ಸಸ್‌ಗೆ ಬಂದು ಇಪ್ಪತ್ತು ವರ್ಷವಾದವರೂ ಕುರ್ಚಿಯಲ್ಲಿ ಕೂತ ತಕ್ಷಣ ಕೇಳುವುದು "ಎಷ್ಟು ಪಾಯಿಂಟ್ ಕವರ್ ಆಗುತ್ತೆ?" ಎಂದೇ. ಆಗ, ೨೦೧೬ರಲ್ಲಿ, ನಾನು ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿದ್ದೆ. ಒಂದು ಪಕ್ಕ ಸೀರೆ ಅಂಗಡಿ, ಇನ್ನೊಂದು ಪಕ್ಕ ಚಾಟ್ ಅಂಗಡಿ, ನಡುವೆ ಮೂರು ಮೇಜಿನ ನಮ್ಮ ಆಫೀಸು. ಎರಡು ಮೇಜು ಇಂಡಿಯಾ ಟಿಕೆಟ್ಟಿಗೆ, ಮೂರನೆಯದು ಹವಾಯಿಗೆ. ಆ ಮೂರನೆಯ ಮೇಜು ನನ್ನದು.

ಹವಾಯಿಯನ್ನು ನಾನು ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಯಾರಿಗೂ ಹೇಳುತ್ತಿರಲಿಲ್ಲ. ಆನ್‌ಲೈನ್ ಕೋರ್ಸ್ ಮಾಡಿದ್ದೆ, ಬ್ರೋಶರುಗಳನ್ನು ಬಾಯಿಪಾಠ ಮಾಡಿದ್ದೆ. ನಾನು ಕಳಿಸಿದ, ಟೆಕ್ಸಸ್ಸಿನದೇ ಒಂದು ಊರಾದ ಫ್ಲೂಗರ್‌ವಿಲ್‌ನ ನಾಲ್ಕು ಸಂಸಾರಗಳು ವಾಪಸ್ ಬಂದಾಗ ಒಂದೊಂದು ಫೋಟೋ ತೋರಿಸಿಕೊಂಡು "ಇದೆಲ್ಲಿ, ಅದೆಲ್ಲಿ" ಎಂದು ಕೇಳಿ, ಅವರ ಅನುಭವವನ್ನೆಲ್ಲ ನನ್ನದೆಂಬಂತೆ ಜೋಡಿಸಿಟ್ಟುಕೊಂಡಿದ್ದೆ. ತಾಜಾ ಕರಿಬೇವು, ವೀಳ್ಯದೆಲೆ ಒಯ್ಯಬೇಡಿ, ವಿಮಾನದಲ್ಲಿ ಗಿಡ ಹಣ್ಣುಗಳ ಫಾರ್ಮ್ ಕೊಡುತ್ತಾರೆ ಎಂದು ನಾನು ಹೇಳುವ ಧಾಟಿಗೆ ಎದುರಿನವರು ತಲೆದೂಗುತ್ತಿದ್ದರು. ಈ ಕಲೆಯನ್ನು ಕಲಿಸಿದವರು ನಮ್ಮ ಮಾಲೀಕರು. "ಬೋಲ್ ದೇನಾ ಕಿ ಗಯೀ ಹೂಂ, ಕೌನ್ ಪೂಛನೇವಾಲಾ ಹೈ?" ಎಂದಿದ್ದರು, ನಾನು ಸೇರಿದ ಮೊದಲ ವಾರ. ಹೋಗಿ ಬಂದಿದ್ದೇನೆ ಎಂದುಬಿಡು, ಕೇಳುವವರು ಯಾರು ಎಂದು. ಕೋಶ ಓದಬೇಕು, ದೇಶ ಸುತ್ತಬೇಕು ಅನ್ನುತ್ತಾರೆ. ನಾನು ಕೋಶವನ್ನಷ್ಟೇ ಓದಿ ದೇಶ ಮಾರುತ್ತಿದ್ದೆ.

ಪೂಛನೇವಾಲಾ ಸೆಪ್ಟೆಂಬರ್ ಕೊನೆಗೆ ಬಂದರು. ದಸರಾ ಸೀರೆಗೆಂದು ಡಲ್ಲಾಸಿನ ಆಚೆಯ ಪ್ರಾಸ್ಪರ್‌ನಿಂದ ಬಂದ ಒಂದು ಸಂಸಾರ. ಧಾರವಾಡದ ಕಡೆಯವರು. ಗಂಡ ಎರಡು ಔಷಧಿ ಅಂಗಡಿ ಇಟ್ಟುಕೊಂಡಿದ್ದ ಫಾರ್ಮಸಿಸ್ಟ್, ಹೆಂಡತಿ ಆ ಅಂಗಡಿಗಳ ಆಡಳಿತ ನೋಡುವವಳು, ಎರಡು ಮಕ್ಕಳು. ಜೊತೆಗೆ ಹೆಂಡತಿಯ ತಂದೆ, ಎಪ್ಪತ್ತನಾಲ್ಕು ವರ್ಷದ ನಿವೃತ್ತ ಭೂಗೋಳದ ಶಿಕ್ಷಕರು. ಅವರ ಊರಿನಲ್ಲಿ ಮಾಸ್ತರ್ ಅನ್ನುತ್ತಾರೆ. ನಾನು ಮೈಸೂರಿನವಳು, ನನ್ನ ಬಾಯಲ್ಲಿ ಮೇಷ್ಟ್ರು ಎಂದೇ ಬಂತು, ಅದೇ ಉಳಿಯಿತು. ಆರು ತಿಂಗಳಿಗೆಂದು ಬಂದಿದ್ದವರು ನವೆಂಬರ್ ಮೊದಲ ವಾರ ಹಿಂದಿರುಗುವವರಿದ್ದರು. ಅದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗಿ ಬರಬೇಕು ಎಂದು ಮಗಳ ಆಸೆ. ಎಲ್ಲಿಗೆ ಎಂದು ಕೇಳಿದಾಗ ಮೇಷ್ಟ್ರು ಒಂದೇ ಜಾಗದ ಹೆಸರು ಹೇಳಿದ್ದರಂತೆ.

ಉಳಿದವರು ಪಕ್ಕದ ಅಂಗಡಿಗೆ ಪಾನಿಪೂರಿಗೆ ಹೋದರು. ಮಗಳು ಮತ್ತು ಮೇಷ್ಟ್ರು ನನ್ನೆದುರು ಕೂತರು. ಮೇಷ್ಟ್ರು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಮೂಗಿನ ಮೇಲೆ ಕನ್ನಡಕ ಏರಿಸಿದರು.

"ನೀವು ಹೋಗಿ ಬಂದೀರೇನ್ರೀ, ಬಾಯಾರ?"

"ಹೋಗದೆ ಏನು ಮೇಷ್ಟ್ರೇ! ಎರಡು ಸಲ."

ಒಂದು ಸಲ ಸಾಕಾಗಿತ್ತು. ಬಾಯಿ ಬಿಟ್ಟರೆ ಹೀಗೆ, ಎಲ್ಲಿ ನಿಲ್ಲಬೇಕೋ ಗೊತ್ತಾಗುವುದಿಲ್ಲ.

ಆಮೇಲೆ ನಡೆದದ್ದು ಓರಲ್ ಪರೀಕ್ಷೆ. ಬೆಂಕಿಯ ಕುಂಡದ ಬಾಯಿ ಎಷ್ಟು ಅಗಲ, ಗಂಧಕದ ವಾಸನೆ ಎಷ್ಟು ದೂರದಿಂದ ಬರುತ್ತದೆ, ದಂಡೆಯಲ್ಲಿ ನಿಂತರೆ ಮುಖಕ್ಕೆ ಶಾಖ ತಾಗುತ್ತದೆಯೋ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಇನ್ನೂ ಜೋರಾಗಿ ಉತ್ತರ ಕೊಟ್ಟೆ. ಹೋಟೆಲ್ ಎಲ್ಲಿ ಎಂದರು. ದ್ವೀಪದ ಪಶ್ಚಿಮಕ್ಕೆ, ಕೋನಾ ಎಂಬ ಊರಿನ ಕಡಲ ದಂಡೆಯಲ್ಲಿ ಎಂದೆ. "ರೂಮಿನ ಬಾಲ್ಕನಿಯಲ್ಲಿ ಕಾಫಿ ಕುಡೀತಾ ಕೂತರೆ ಸಮುದ್ರದಿಂದ ಸೂರ್ಯ ಹುಟ್ಟೋದು ಕಾಣುತ್ತೆ ಮೇಷ್ಟ್ರೇ, ಅದನ್ನ ನೋಡೋಕೇ ಪುಣ್ಯ ಬೇಕು."

ಮೇಷ್ಟ್ರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹೌದೇನು," ಎಂದು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡರು. ಆ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಸಾದೆ ಎಂದುಕೊಂಡೆ.

ಮಗಳು ವ್ಯವಹಾರದ ಹೆಣ್ಣು. "ಹುಡುಗರಿಗೆ ಬೀಚ್ ಜಾಸ್ತಿ ಇರ್ಲಿ ಮೇಡಂ. ಜ್ವಾಲಾಮುಖಿ ಒಂದ್ ತಾಸು ಸಾಕು. ಅಪ್ಪ ಅಂಡಮಾನ್ ಕಡೆ ಒಮ್ಮೆ ನೋಡ್ಯಾರ, ಇನ್ನೊಮ್ಮೆ ನೋಡೂ ಆಶಾ ಅಷ್ಟ." ಮೇಷ್ಟ್ರು ಕಿಟಕಿಯಾಚೆ ಸೀರೆ ಅಂಗಡಿಯ ಗೊಂಬೆಯನ್ನು ನೋಡುತ್ತಿದ್ದರು. ಎದ್ದು ನಿಂತ ಮೇಲೆ ಮಗಳು ದನಿ ತಗ್ಗಿಸಿ ಕೇಳಿದಳು. "ಅವರಿಗೆ ದಮ್ಮಿನ ತ್ರಾಸ ಅದ. ಮೂವತ್ತೈದು ವರ್ಷ ಬೋರ್ಡ್ ಬರದು ಬರದು ಖಡುವಿನ ಪುಡಿ ಕುಡದಾರ. ಅಲ್ಲಿ ಹವಾ ಹೆಂಗದ?"

"ಹವಾ ಫಸ್ಟ್ ಕ್ಲಾಸ್ ಮೇಡಂ. ನಾನೇ ನೋಡಿದ್ದೀನಲ್ಲ."

ಈ ಒಂದು ಮಾತಿಗೆ ನಾನು ಇವತ್ತಿಗೂ ತಲೆ ತಗ್ಗಿಸುತ್ತೇನೆ.

ಪ್ರಯಾಣಕ್ಕೆ ಹತ್ತು ದಿನ ಉಳಿದಿತ್ತು. ಪದ್ಧತಿಯಂತೆ ಎಲ್ಲ ಬುಕಿಂಗುಗಳನ್ನೂ ಒಂದೊಂದಾಗಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ದ್ವೀಪದಲ್ಲಿ ವ್ಯಾನ್ ಓಡಿಸುವವಳು ಅಲ್ಲಿಯೇ ಹುಟ್ಟಿ ಬೆಳೆದ ಹೆಂಗಸು, ಅರವತ್ತರ ಹತ್ತಿರದವಳು. ಎಷ್ಟು ಜನ, ಎಷ್ಟು ಸೂಟ್‌ಕೇಸ್, ಮಕ್ಕಳ ಸೀಟು ಬೇಕೋ ಎಂದೆಲ್ಲ ಮುಗಿದ ಮೇಲೆ ಮಾತಿಗೆ ಮಾತು ಬಂದು, ಒಬ್ಬರು ವಯಸ್ಸಾದವರಿದ್ದಾರೆ, ದಮ್ಮು ಇದೆ, ನಿಧಾನ ಓಡಿಸಿ ಎಂದೆ.

ಅವರು ಮಲಗುವುದು ಯಾವ ಕಡೆ ಎಂದು ಕೇಳಿದಳು. ಕೋನಾ ಎಂದೆ. ಜ್ವಾಲಾಮುಖಿಯ ಹೊಗೆ ಹೋಗಿ ಕೂರುವುದು ಎಲ್ಲಿ ಗೊತ್ತೇ ಎಂದಳು. ಅವಳೇ ಹೇಳಿದಳು. ಕುಂಡ ಇರುವುದು ಆಗ್ನೇಯಕ್ಕೆ. ವರ್ಷದ ಹೆಚ್ಚಿನ ದಿನ ಗಾಳಿ ಬೀಸುವುದು ಈಶಾನ್ಯದಿಂದ. ಗಂಧಕದ ಹೊಗೆಯನ್ನು ಆ ಗಾಳಿ ದಕ್ಷಿಣದ ಮೂಲೆ ಸುತ್ತಿಸಿ ಪಶ್ಚಿಮದ ದಂಡೆಗೆ ಒಯ್ಯುತ್ತದೆ. ಎದುರಿಗೆ ದೊಡ್ಡ ಪರ್ವತ ಅಡ್ಡ ಇರುವುದರಿಂದ ಅಲ್ಲಿಂದ ಹೊರಗೆ ಹೋಗುವುದಿಲ್ಲ. ಮಂಜಿನ ಹಾಗೆ ದಿನಗಟ್ಟಲೆ ಕೂತಿರುತ್ತದೆ. ಗಟ್ಟಿಮುಟ್ಟಾದವರಿಗೆ ಕಣ್ಣು ಉರಿಯುತ್ತದೆ, ಅಷ್ಟೆ. ದಮ್ಮಿನವರು ಕೆಲವರು ಆಸ್ಪತ್ರೆ ಸೇರುತ್ತಾರೆ. ಇನ್ನು ಮಧ್ಯಾಹ್ನ ಹನ್ನೆರಡಕ್ಕೆ ಕುಂಡದ ಹತ್ತಿರ ಹೋದರೆ ಬಿಸಿಲಿನಲ್ಲಿ ಬೆಂಕಿ ಕಾಣುವುದು ಕಷ್ಟ, ಬರೀ ಹೊಗೆ ನೋಡಿಕೊಂಡು ಬರುತ್ತಾರೆ. ಬೆಂಕಿ ನೋಡಬೇಕಾದರೆ ಬೆಳಕು ಹರಿಯುವ ಮುಂಚೆ ಹೋಗಬೇಕು ಎಂದಳು.

ಫೋನ್ ಇಟ್ಟು ಕಂಪ್ಯೂಟರಿನ ಕಡೆ ತಿರುಗಿದೆ. ಜ್ವಾಲಾಮುಖಿ ಇರುವ ನ್ಯಾಷನಲ್ ಪಾರ್ಕಿನವರ ವೆಬ್‌ಸೈಟ್ ತೆರೆದೆ. ಗಾಳಿಯಲ್ಲಿ ಆ ಗಂಧಕದ ಅನಿಲ ಎಷ್ಟಿದೆ ಎಂದು ಗಂಟೆಗಂಟೆಗೂ ಬಣ್ಣದಲ್ಲಿ ತೋರಿಸುತ್ತಾರೆ. ಹಸಿರು, ಹಳದಿ, ಕಿತ್ತಳೆ, ಕೆಂಪು. ಉಸಿರಾಟದ ತೊಂದರೆಯಿರುವವರಿಗೆಂದೇ ಬೇರೆ ಸೂಚನೆ ಬರೆದಿದ್ದಾರೆ. ಎಲ್ಲ ಕಣ್ಣಿಗೆ ರಾಚುವಂತೆ ಇತ್ತು. ಹತ್ತೊಂಬತ್ತು ಪಾಯಿಂಟ್ ಹುಡುಕುವ ಗಡಿಬಿಡಿಯಲ್ಲಿ ನಾನು ಆ ಪುಟವನ್ನು ಒಮ್ಮೆಯೂ ಓದಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ನಾನು ಆ ನುಣುಪನ್ನೇ ಪ್ಯಾಕೇಜ್ ಮಾಡಿ ಕೊಟ್ಟಿದ್ದೆ.

ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಅವರಿಗೆ ತಕ್ಷಣ ಒಂದು ದಾರಿ ಹೊಳೆಯಿತು: ಕೋನಾ ಹೋಟೆಲ್ ಓವರ್‌ಬುಕ್ ಆಗಿದೆ ಎಂದು ಹೇಳು, ಪೂರ್ವದ ಹೀಲೋ ಊರಿಗೆ ಬದಲಾಯಿಸು, ಮಾತು ಮುಗಿಯಿತು. ನನಗೂ ಅರ್ಧ ದಿನ ಅದೇ ಸರಿ ಎನ್ನಿಸಿತು. ಹೀಲೋ ಹೋಟೆಲಿಗೆ ಫೋನ್ ಕೂಡ ಮಾಡಿದೆ, ರೂಮುಗಳಿದ್ದವು. ಆದರೆ ಹೋಟೆಲ್ ಬದಲಾದರೆ ಸಾಕೇ? ಕುಂಡದ ದಂಡೆಗೆ ಹೋಗುವುದಂತೂ ಹೋಗುತ್ತಾರೆ. ಗಾಳಿ ತಿರುಗಿದ ದಿನ ಹೋದರೆ? ಕೈಯಲ್ಲಿ ಔಷಧಿ ಇಲ್ಲದೆ ಹೋದರೆ? ಮಗಳು ಡಾಕ್ಟರನ್ನು ಕೇಳಿಯೇ ಇರಲಿಲ್ಲ, ನನ್ನ ಫಸ್ಟ್ ಕ್ಲಾಸ್ ಹವಾ ನಂಬಿಕೊಂಡು ಕೂತಿದ್ದಳು. ಹೊಗೆಯ ವಿಷಯ ಹೇಳಲೇಬೇಕು. ಹೇಳಿದರೆ, ಎರಡು ಸಲ ಹೋಗಿ ಬಂದವಳಿಗೆ ಇದು ಮೊದಲೇ ಏಕೆ ಗೊತ್ತಿರಲಿಲ್ಲ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ನಿಜ ಹೇಳಿದ ಮರುಕ್ಷಣ ಮಗಳು ಟ್ರಿಪ್ಪನ್ನೇ ರದ್ದು ಮಾಡಬಹುದು. ಆ ವಯಸ್ಸಿನಲ್ಲಿ, ಆ ಎದೆ ಇಟ್ಟುಕೊಂಡು, ಮೇಷ್ಟ್ರು ಇನ್ನೊಂದು ಸಲ ಈ ಕಡೆ ಬರುತ್ತಾರೆಂದು ಯಾರು ಹೇಳಬೇಕು? ನನ್ನ ಸುಳ್ಳಿಗೆ ಅವರು ದಂಡ ತೆತ್ತ ಹಾಗಾಗುತ್ತದೆ.

ಶನಿವಾರ ಬೆಳಿಗ್ಗೆ ಕಾರು ಹತ್ತಿದೆ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಮುಖ ಕೊಟ್ಟು ಬೈಸಿಕೊಂಡರೆ ಸ್ವಲ್ಪವಾದರೂ ಪ್ರಾಯಶ್ಚಿತ್ತ ಅನ್ನಿಸಿತು. ಹ್ಯೂಸ್ಟನ್ನಿನಿಂದ ಪ್ರಾಸ್ಪರ್‌ಗೆ ಐದು ಗಂಟೆ. ಐದು ಗಂಟೆಯೂ ಮೊದಲ ವಾಕ್ಯವನ್ನು ಜೋಡಿಸುತ್ತಾ ಹೋದೆ.

ಹೊಸ ಬಡಾವಣೆ. ನೆಟ್ಟ ಗಿಡಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಮಗಳು ಬಾಗಿಲು ತೆಗೆದು, "ಅಯ್ಯ, ಇಷ್ಟ್ ದೂರ ನೀವ ಬಂದ್ರಿ? ಟಿಕೆಟ್ ಮೇಲ್ ಮಾಡಿದ್ರ ಆಗ್ತಿತ್ತಲ್ಲ!" ಎಂದು ಸಂಭ್ರಮಿಸಿದಳು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಉಂಡ ಮನೆಯಲ್ಲಿ ಹೇಗೆ ಹೇಳುವುದು ಎಂದು ಒಂದೇ ರೊಟ್ಟಿಗೆ ಕೈ ತೊಳೆದುಬಿಟ್ಟೆ. ಆಮೇಲೆ ಜೋಡಿಸಿಕೊಂಡು ಬಂದ ವಾಕ್ಯವೆಲ್ಲ ಮರೆತುಹೋಗಿ ನೇರವಾಗಿ ಬಂತು.

"ಮೇಡಂ, ನಾನು ಹವಾಯಿ ನೋಡಿಲ್ಲ. ಸುಳ್ಳು ಹೇಳಿದ್ದೆ. ಅಲ್ಲಿಯ ಗಾಳಿ ನಿಮ್ಮ ತಂದೆಯವರಿಗೆ ಆಗೋದಿಲ್ಲ."

ಹೊಗೆಯ ವಿಷಯವನ್ನೂ ಪೂರ್ತಿ ಹೇಳಿದೆ. ಆಮೇಲೆ ಶುರುವಾಯಿತು.

"ನಮ್ಮಪ್ಪನ ಜೀವದ ಜೋಡಿ ಆಟ ಆಡೀರಲ್ರೀ! ನಾ ಕೇಳಿದ್ನಿಲ್ಲೋ ನಿಮಗ, ಹವಾ ಹೆಂಗದ ಅಂತ? ಒಂದ್ ಮಾತು ಗೊತ್ತಿಲ್ಲ ಅಂದಿದ್ರ ಏನ್ ಗಂಟು ಹೋಗ್ತಿತ್ತು? ಬ್ಯಾಡ, ಎಲ್ಲಾ ಕ್ಯಾನ್ಸಲ್ ಮಾಡ್ರಿ. ಹೋಗೂದ ಬ್ಯಾಡ. ನೋಡದ ಜಾಗ ನೋಡೀನಿ ಅಂತ ಹೇಳ್ತೀರಿ, ಎಂಥಾ ಮಂದಿ ನೀವು!"

ಅಲ್ಲಿಯವರೆಗೆ ಸೋಫಾದಲ್ಲಿ ಪೇಪರ್ ಮಡಚುತ್ತಾ ಕೂತಿದ್ದ ಮೇಷ್ಟ್ರು ಎದ್ದು ಬಂದರು.

"ಸಾಕು ಬಿಡವಾ. ಅಕಿನ್ನ ಬಯ್ಯೂದಾದ್ರ ಮದಲ ನನ್ನ ಬಯ್ಯಿ."

"ನಿಮ್ಮನ್ಯಾಕ ಬಯ್ಲಿ ಅಪ್ಪಾ?"

"ಇಕಿ ನೋಡಿಲ್ಲ ಅಂತ ನನಗ ಅವತ್ತ ಗೊತ್ತಾಗಿತ್ತು. ಪಶ್ಚಿಮ ದಂಡಿ ಮ್ಯಾಲ ಕೂತು ಸಮುದ್ರದಾಗ ಸೂರ್ಯ ಹುಟ್ಟೂದು ನೋಡಿದಾಕಿ ಇಕಿ ಒಬ್ಬಾಕೀನ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳು ಮಾತ್ರ ಇನ್ನೂ ಕೆರಳಿದಳು. "ಗೊತ್ತಿದ್ದೂ ಸುಮ್ಮನಿದ್ರೇನು?"

"ಹೇಳಿದ್ರ ನೀ ಹೋಗೂದ ಬ್ಯಾಡ ಅಂತಿದ್ದಿ. ಈಗ ಅಂದೆಲ್ಲ, ಹಂಗ." ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಮತ್ತ ಇನ್ನೊಂದದ. ನಾನೂ ನೋಡಿಲ್ಲ."

"ಏನ್ ನೋಡಿಲ್ಲ?"

"ಜ್ವಾಲಾಮುಖಿ. ಅಂಡಮಾನಕ್ಕ ನಾ ಎಂದೂ ಹೋಗಿಲ್ಲವಾ."

ಮೇಷ್ಟ್ರು ನಿಧಾನವಾಗಿ ಹೇಳಿದರು. ಎಂಟನೆಯ ತರಗತಿ. ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ತಾಸು ಪಾಠ ಹೇಳಿದ್ದರು. ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು, "ಸರ, ನೀವು ನೋಡೀರೇನ್ರಿ?" ಎಂದ.

"ಇಲ್ಲ ಅಂದ್ರ ಇಷ್ಟೊತ್ತು ಹೇಳಿದ್ದೆಲ್ಲಾ ಬರೇ ಪುಸ್ತಕದ್ದು ಅಂತ ಆಗ್ತದಲ್ಲ. ಅರವತ್ತು ಹುಡುಗರು ನನ್ನ ಬಾಯಿ ನೋಡ್ಲಿಕ್ಕತ್ತಿದ್ರು. ಆ ವರ್ಷ ಅಂಡಮಾನ್ ಕಡೆ ಬೆಂಕಿ ಎದ್ದದ್ದು ಪೇಪರ್‌ನಾಗ ಬಂದಿತ್ತು. ಬಾಯಿಗೆ ಅದ ಬಂತು. ಲಗ್ನಕ್ಕಿಂತ ಮದಲ ಹಡಗಿನ್ಯಾಗ ಹೋಗಿದ್ದೆ, ನೋಡೀನಿ ಅಂದೆ."

"ನಾನೂ ಆ ಕ್ಲಾಸಿನ್ಯಾಗ ಕೂತಿದ್ದೆ ಅಪ್ಪಾ," ಎಂದಳು ಮಗಳು. ದನಿ ಇಳಿದಿತ್ತು. "ಓಣಿ ತುಂಬ ಹೇಳಿಕೊಂಡು ಬಂದಿದ್ದೆ. ನಮ್ಮಪ್ಪ ಜ್ವಾಲಾಮುಖಿ ನೋಡ್ಯಾರ ಅಂತ."

"ಗೊತ್ತದ. ನೀ ಹೇಳಿದ ಮ್ಯಾಲ ಅದನ್ನ ಹಿಂದಕ್ಕ ತಗೊಳ್ಳಿಕ್ಕ ಆಗಲಿಲ್ಲ. ರಿಟೈರ್ ಆಗೂತನಕ ಪ್ರತಿ ವರ್ಷ ಎಂಟನೆತ್ತಾಕ್ಕ ಹೇಳ್ಕೋತ ಬಂದೆ. ಈಗ ಒಮ್ಮೆ ಖರೇನ ನೋಡಿ ಸಾಯಬೇಕು ಅಂತ ಆಶಾ. ಅದಕ್ಕ ಈ ಬಾಯಾರ ಸುಳ್ಳಿಗೆ ನಾ ಹೂಂಗುಟ್ಟಿದೆ."

ಮಗಳು ಮೇಜಿನ ಮೇಲಿನ ನನ್ನ ಹಾಳೆಯನ್ನು ನೋಡುತ್ತಿದ್ದಳು. ಹನ್ನೊಂದನೆಯ ಪಾಯಿಂಟ್, ಒಂದು ಗಂಟೆ. ಒಮ್ಮೆ ನೋಡಿದವರಿಗೆ ಒಂದು ತಾಸು ಸಾಕು ಎಂದು ಹೇಳಿ ಅದನ್ನು ಬರೆಸಿದವಳು ತಾನೇ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ಅವಳಿಗೆ ಅಳು ಬಂದಿತ್ತು, ಅದನ್ನು ಸಿಟ್ಟಿನಲ್ಲೇ ಮುಚ್ಚಲು ನೋಡಿದಳು. "ಆದ್ರೂ ಆ ಹೊಗಿ ಇರೂದು ಸುಳ್ಳೇನು? ನೋಡೂ ಆಶಾಕ್ಕ ಜೀವ ಕೊಡ್ತೀರೇನು?"

ಮೇಷ್ಟ್ರು ಎದ್ದು ಅಡಿಗೆಮನೆಗೆ ಹೋದರು. ದ್ವೀಪದ ಎರಡು ಪರ್ವತಗಳೆಂದು ಎರಡು ಬೋಗುಣಿ ತಂದು ಮೇಜಿನ ಮೇಲೆ ಬೋರಲು ಹಾಕಿದರು, ಉತ್ತರಕ್ಕೊಂದು, ನಡುವೆ ದೊಡ್ಡದೊಂದು. ದೇವರ ಮನೆಯಿಂದ ಒಂದು ಊದಿನಕಡ್ಡಿ ಹಚ್ಚಿ ತಂದು, ದೊಡ್ಡ ಬೋಗುಣಿಯ ಆಗ್ನೇಯಕ್ಕೆ ಒಂದು ಬಟಾಟೆಗೆ ಚುಚ್ಚಿ ನಿಲ್ಲಿಸಿದರು. ಮೊಮ್ಮಗನ ಸಣ್ಣ ಟೇಬಲ್ ಫ್ಯಾನ್ ತರಿಸಿ ಈಶಾನ್ಯದ ಮೂಲೆಯಲ್ಲಿಟ್ಟು ಹಾಕಿದರು. "ಅಜ್ಜಾ ಈಸ್ ಟೀಚಿಂಗ್ ಅಗೇನ್," ಎಂದು ಮೊಮ್ಮಗಳು ಅಣ್ಣನಿಗೆ ಪಿಸುಗುಟ್ಟಿದಳು. ಹೊಗೆ ಬೋಗುಣಿಯ ತಳ ಸವರಿಕೊಂಡು ದಕ್ಷಿಣಕ್ಕೆ ಹೋಯಿತು, ಸುತ್ತಿ ಪಶ್ಚಿಮಕ್ಕೆ ಬಂತು, ಅಲ್ಲಿ ಬೋಗುಣಿಯ ಮರೆಯಲ್ಲಿ ಸುರುಳಿ ಸುತ್ತುತ್ತಾ ನಿಂತುಬಿಟ್ಟಿತು. ವ್ಯಾನಿನವಳು ಫೋನಿನಲ್ಲಿ ಹೇಳಿದ್ದನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

"ಇಲ್ಲಿ ಕೋನಾ. ಬಾಯಾರು ನನ್ನ ಮಲಗಿಸಿದ್ದು ಇಲ್ಲಿ," ಎಂದು ಮೇಷ್ಟ್ರು ಹೊಗೆಯೊಳಗೆ ಬೆರಳಿಟ್ಟರು. ಆಮೇಲೆ ಊದಿನಕಡ್ಡಿಯ ಮಗ್ಗುಲಿಗೆ, ಗಾಳಿ ಬರುವ ಕಡೆ ಬೆರಳು ತಂದರು. "ಇಲ್ಲಿ ನೋಡು. ಬೆಂಕಿ ಒಂದ್ ಗೇಣು ದೂರ, ಹೊಗಿ ಇಲ್ಲ. ಗಾಳಿ ಈಶಾನ್ಯದಿಂದ ಇದ್ರ ಕುಂಡದ ಉತ್ತರದ ದಂಡಿ ಸ್ವಚ್ಛ. ಗಾಳಿ ಬಂದ್ ಆತೋ, ತಿರುಗಿತೋ, ಹೋಗ್ಬಾರ್ದು. ಅಷ್ಟ ಲೆಕ್ಕ."

ಹೇಳಿ ಮುಗಿಸಿ ಅವರು ಕೆಮ್ಮತೊಡಗಿದರು, ಊದಿನಕಡ್ಡಿಯ ಹೊಗೆಗೇ. ಅಳಿಯ ಬಂದು ಕಡ್ಡಿ ಆರಿಸಿ, ಇನ್‌ಹೇಲರ್ ಕೊಟ್ಟು, ಬೆನ್ನು ಸವರಿದ. ಆ ಮನುಷ್ಯ ಇಡೀ ಮಧ್ಯಾಹ್ನ ಆಡಿದ್ದು ಒಂದೇ ಮಾತು: "ಸೋಮವಾರ ಲಂಗ್ ಡಾಕ್ಟರ್‌ನ ಕೇಳೂಣು. ಅವರು ಹೂಂ ಅಂದ್ರ ಹೂಂ."

ಮಗಳು ನನ್ನ ಕಡೆ ತಿರುಗಿದಳು. "ಹೊಸಾ ಪ್ಲಾನ್ ಬರೀರಿ. ನೋಡಿಲ್ಲದ್ದನ್ನ ನೋಡಿಲ್ಲ ಅಂತ ಬರೀರಿ."

ಅದೇ ಮೇಜಿನ ಮೇಲೆ ಬರೆದೆ. ಹೀಲೋದಲ್ಲಿ ವಾಸ. ಮೂರು ಬೆಳಗಿನ ಜಾವ, ಮೂರಕ್ಕೂ ಒಂದೇ ಕೆಲಸ: ಬಣ್ಣ ನೋಡುವುದು, ಗಾಳಿ ನೋಡುವುದು, ಸರಿಯಿದ್ದರೆ ಹೋಗುವುದು, ಇಲ್ಲದಿದ್ದರೆ ಹೋಟೆಲಿನಲ್ಲೇ ಇರುವುದು. ಮಧ್ಯಾಹ್ನಗಳು ಮಕ್ಕಳಿಗೆ, ಒಂದು ದಿನ ಜಲಪಾತ, ಒಂದು ದಿನ ಕಪ್ಪು ಮರಳಿನ ಬೀಚು. ಉಳಿದ ಪಾಯಿಂಟ್‌ಗಳಿಗೆಲ್ಲ ಗೀಟು ಎಳೆದೆ. ಸೋಮವಾರ ಡಾಕ್ಟರು ಹೂಂ ಎಂದರು, ಷರತ್ತಿನ ಮೇಲೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿರಬೇಕು, ಅಂಕಿ ತೊಂಬತ್ತರ ಕೆಳಗಿಳಿದರೆ ತಕ್ಷಣ ವ್ಯಾನಿಗೆ ಮರಳಬೇಕು, ಔಷಧಿಯ ಆವಿ ಕೊಡುವ ನೆಬ್ಯುಲೈಸರ್ ವ್ಯಾನಿನಲ್ಲೇ ಇರಬೇಕು.

ಹವಾಯಿ ನಮಗಿಂತ ಐದು ಗಂಟೆ ಹಿಂದೆ. ಅಲ್ಲಿ ಬೆಳಗಿನ ಜಾವ ನಾಲ್ಕು ಎಂದರೆ ಹಿಲ್‌ಕ್ರಾಫ್ಟ್‌ನಲ್ಲಿ ಒಂಬತ್ತು. ಮೂರು ದಿನವೂ ಎಂಟೂವರೆಗೆ ಆಫೀಸ್ ಬಾಗಿಲು ತೆಗೆದು, ಕಂಪ್ಯೂಟರಿನಲ್ಲಿ ಒಂದು ಕಿಟಕಿಯಲ್ಲಿ ಬಣ್ಣದ ಪುಟ, ಇನ್ನೊಂದರಲ್ಲಿ ಗಾಳಿಯ ದಿಕ್ಕು ತೆರೆದು ಕೂತೆ. ಒಂಬತ್ತಕ್ಕೆ ವ್ಯಾನಿನವಳಿಗೆ ಫೋನ್, ಆಮೇಲೆ ಮಗಳಿಗೆ.

ಮೊದಲ ದಿನ ಹಸಿರು, ಈಶಾನ್ಯದ ಗಾಳಿ. ಹೋದರು. ಮೇಲೆ ಹೋಗುವಷ್ಟರಲ್ಲಿ ಮಳೆ, ಮೋಡ ಕುಂಡದೊಳಗೇ ಇಳಿದು ಕೂತಿತ್ತು. ಅರ್ಧ ಗಂಟೆ ವ್ಯಾನಿನಲ್ಲಿ ಕಾದು ಹಿಂದಿರುಗಿದರು. ಎರಡನೆಯ ದಿನ ಆಕಾಶ ಶುಭ್ರ, ಆದರೆ ಗಾಳಿ ಪೂರ್ತಿ ನಿಂತಿತ್ತು. ನನ್ನ ಪರದೆಯ ಮೇಲೆ ಕೆಂಪು. ವ್ಯಾನಿನವಳು ಬೇಡವೇ ಬೇಡ ಎಂದಳು. ಫೋನ್ ಮಾಡಿದಾಗ ಮಗಳು, "ಅಪ್ಪ ಬೂಟು ಹಾಕ್ಕೊಂಡು ಕೂತಾರ್ರಿ, ಏನ್ ಹೇಳ್ಲಿ?" ಎಂದಳು. ಆ ಬೂಟು ಬಿಚ್ಚಿಸುವ ಮಾತನ್ನು ನಾನೇ ಹೇಳಬೇಕಾಯಿತು. ಫೋನ್ ಮೇಷ್ಟ್ರಿಗೆ ಕೊಡಿಸಿಕೊಂಡು, ಇವತ್ತು ಬೇಡ ಎಂದು ಹೇಳಿದೆ. ಅವರು "ಆತು ತಂಗಿ" ಎಂದರು. ಆವತ್ತು ಮಧ್ಯಾಹ್ನ ಮಕ್ಕಳು ಕಪ್ಪು ಮರಳಿನ ಮೇಲೆ ದೊಡ್ಡ ಆಮೆಗಳನ್ನು ನೋಡಿದರಂತೆ. ಮೇಷ್ಟ್ರು ಹೋಟೆಲಿನಿಂದ ಹೊರಗೆ ಬರಲಿಲ್ಲವಂತೆ.

ಮೂರನೆಯ ದಿನವೇ ಕೊನೆಯದು. ಸಂಜೆ ವಿಮಾನ. ಬೆಳಿಗ್ಗೆ ಪುಟ ತೆರೆದರೆ ಕಿತ್ತಳೆ. ಒಂಬತ್ತಕ್ಕೂ ಕಿತ್ತಳೆ. ಗಾಳಿ ಏಳುತ್ತಿತ್ತು, ಆದರೆ ಅಳುಕುತ್ತಾ. ಮಗಳು ಕೇಳಿದಳು. "ಹೋಗೂಣೇನ್ರಿ?"

ಒಂದು ತಿಂಗಳ ಹಿಂದೆ ಆಗಿದ್ದರೆ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. "ನನಗೆ ಗೊತ್ತಿಲ್ಲ ಮೇಡಂ. ಇಲ್ಲಿ ಕೂತು ನನಗೆ ಗೊತ್ತಾಗೋದಿಲ್ಲ. ವ್ಯಾನ್ ಹತ್ತಿ ಪಾರ್ಕಿನ ಗೇಟಿನವರೆಗೆ ಹೋಗಿ. ಕಿಟಕಿ ಮುಚ್ಚಿರಲಿ. ಅಷ್ಟರೊಳಗೆ ಹಳದಿಗೆ ಇಳಿದರೆ ಫೋನ್ ಮಾಡ್ತೀನಿ. ಇಳಿಯದಿದ್ದರೆ ಅಲ್ಲಿಂದಲೇ ತಿರುಗಿ."

ಆ ಮುಕ್ಕಾಲು ಗಂಟೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಮಾಲೀಕರು ಬಂದರು, ಪರದೆ ನೋಡಿದರು, ಒಂದು ಚಹಾ ತಂದಿಟ್ಟು ಹೋದರು. ಒಂಬತ್ತೂ ಐವತ್ತಕ್ಕೆ ಹಳದಿ ಬಂತು. ಫೋನ್ ಮಾಡಿದಾಗ ಅವರು ಗೇಟಿನ ಹತ್ತಿರವೇ ಇದ್ದರು. ವ್ಯಾನಿನವಳು ಕಿಟಕಿ ಒಂದು ಬೆರಳಿನಷ್ಟು ಇಳಿಸಿ ಮೂಸಿ, ಹತ್ತು ನಿಮಿಷ ಹೋಗಿ ಬರಬಹುದು ಎಂದಳಂತೆ.

ಮಗಳು ಫೋನ್ ಕಟ್ ಮಾಡದೆ ಜೇಬಿಗೆ ಹಾಕಿಕೊಂಡಿದ್ದಳು. ಹೆಜ್ಜೆಯ ಸದ್ದು, ಗಾಳಿಯ ಸದ್ದು ಕೇಳಿಸುತ್ತಿತ್ತು. ಅಳಿಯ ಆಗಾಗ ಅಂಕಿ ಹೇಳುತ್ತಿದ್ದ. ತೊಂಬತ್ತೈದು. ತೊಂಬತ್ನಾಲ್ಕು. ಆಮೇಲೆ ಮಕ್ಕಳಿಬ್ಬರೂ ಒಟ್ಟಿಗೆ "ಓ ಮೈ ಗಾಡ್" ಎಂದರು. ಮೇಷ್ಟ್ರ ದನಿ ಮಾತ್ರ ಇಲ್ಲ. "ಅಪ್ಪಾ, ಅರಾಮ ಇದ್ದೀರಿಲ್ಲೋ? ಅಪ್ಪಾ?" ಎಂದು ಮಗಳು ಎರಡು ಸಲ ಕೇಳಿದಳು, ಉತ್ತರವಿಲ್ಲ. ತೊಂಬತ್ಮೂರು ಎಂದ ಅಳಿಯ. ಹನ್ನೊಂದನೆಯ ನಿಮಿಷಕ್ಕೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು.

"ನಿಮ್ಮ ಜೋಡಿ ಮಾತಾಡ್ತಾರಂತ," ಎಂದು ಮಗಳು ಫೋನ್ ಕೊಟ್ಟಳು.

"ತಂಗಿ," ಎಂದರು ಮೇಷ್ಟ್ರು. ಉಸಿರು ಹತ್ತಿತ್ತು. "ಕರ್ರಗದ."

"ಏನು ಮೇಷ್ಟ್ರೇ?"

"ಕೆಂಪಲ್ಲದು. ಮ್ಯಾಲಿನ ಪದರ ಕರ್ರಗದ, ಹೆಂಚಿನ್ಹಂಗ. ಒಡದು ಒಡದು ಹಾಸುಗಲ್ಲಿನ್ಹಂಗ ತೇಲಿಕೋತ ಹೋಗ್ತದ. ನಡುವಿನ ಬಿರುಕಿನ್ಯಾಗ ಮಾತ್ರ ಬೆಂಕಿ. ಸಮುದ್ರದ್ಹಂಗ ಸಪ್ಪಳ ಮಾಡ್ತದ." ಅವರು ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು. "ನಾ ಬೋರ್ಡ್ ತುಂಬ ಕೆಂಪು ಖಡು ಹಚ್ಚತಿದ್ದೆ. ನೋಡೀನಿ ಅಂತ ಬ್ಯಾರೆ ಹೇಳಿ. ಒಂದ್ ವರ್ಷ ಯಾರೋ ಒಬ್ಬರು ನೋಟ್‌ಬುಕ್ಕಿನ್ಯಾಗ ಕರೇ ಬಣ್ಣ ಹಚ್ಚಿಕೊಂಡು ಬಂದಿದ್ರು. ಲಾವಾ ಕರ್ರಗಿರ್ತದೇನು ಅಂತ ಕಾಟು ಹೊಡದು ಎರಡು ಮಾರ್ಕ್ಸ್ ತಗದಿದ್ದೆ. ಕ್ಲಾಸಿನ ಮುಂದ ನಿಲ್ಲಿಸಿ ಬೈದೂ ಇದ್ದೆ. ಆ ಕೂಸು ಒಂದ ಖರೇ ಬರದಿತ್ತು ತಂಗಿ. ಯಾರಂತ ನೆನಪಿಗೆ ಬರವಲ್ದು."

ಆಗ ವ್ಯಾನಿನ ಹಿಂದಿನ ಸೀಟಿನಿಂದ ಮಗಳ ದನಿ ಬಂತು.

"ಅದು ನಾನ ಅಪ್ಪಾ. ಕೆಂಪು ಪೆನ್ಸಿಲ್ ಮುಗದಿತ್ತು."